ಮುಷ್ಕರದ ದಿನಾಂಕ ಯಾರ ಕೈಯಲ್ಲಿದೆ?

2016ರ ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಯ ಗಾರ್ಮೆಂಟ್ ಫ್ಯಾಕ್ಟರಿಗಳ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟೆದ್ದು ರಸ್ತೆಗೆ ಬಂದರು. ಪಿಎಫ್ ಖಾತೆಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಮರುದಿನ ಪ್ರತಿಭಟನೆ ನಗರದ ಬೇರೆ ಭಾಗಗಳಿಗೂ ಹಬ್ಬಿತು. ಅದೇ ದಿನ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಕರೆ ಕೊಟ್ಟ ದೊಡ್ಡ ಯೂನಿಯನ್ ಇರಲಿಲ್ಲ, ಯಾರೂ ನೋಟಿಸ್ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ ಕೆಲಸ ಆಗಿತ್ತು.

ಅದೇ ಘಟನೆ ಇವತ್ತು ನಡೆದರೆ ಎದ್ದ ಮೊದಲ ನಿಮಿಷದಿಂದಲೇ ಕಾನೂನುಬಾಹಿರ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ, ಕೈಗಾರಿಕಾ ಸಂಬಂಧ ಎಂಬ ಈ ನಾಲ್ಕು ಸೇರಿ 29 ಹಳೆಯ ಕಾನೂನುಗಳ ಜಾಗಕ್ಕೆ ಬಂದು ಕೂತವು. ಯೂನಿಯನ್‌ಗಳಿಗೆ ನೇರವಾಗಿ ತಟ್ಟುವುದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ. 1926ರ ಟ್ರೇಡ್ ಯೂನಿಯನ್ ಕಾಯ್ದೆ, 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಮೂರೂ ಇದರೊಳಗೆ ಸೇರಿವೆ. 2020ರ ಸೆಪ್ಟೆಂಬರ್‌ನಲ್ಲಿ ವಿರೋಧ ಪಕ್ಷಗಳು ಕಲಾಪ ಬಹಿಷ್ಕರಿಸಿದ್ದ ಹೊತ್ತಿನಲ್ಲಿ ಸಂಸತ್ತು ಒಪ್ಪಿದ ಈ ಸಂಹಿತೆ ಐದು ವರ್ಷ ಕಪಾಟಿನಲ್ಲಿತ್ತು.

ಇದರ ಬಗ್ಗೆ ಸಾರ್ವಜನಿಕವಾಗಿ ನಡೆದ ಮಾತೆಲ್ಲ ‘300’ ಎಂಬ ಸಂಖ್ಯೆಯ ಸುತ್ತಲೇ ಗಿರಕಿ ಹೊಡೆಯಿತು. ಆ ಸಂಖ್ಯೆಗೂ ಮಹತ್ವವಿದೆ, ಮುಂದೆ ನೋಡೋಣ. ಆದರೆ ನಿಜವಾದ ಬದಲಾವಣೆ ಕೂತಿರುವುದು ಎರಡು ಕಡೆ. ಒಂದು, ಮುಷ್ಕರದ ದಿನ ಗೊತ್ತು ಮಾಡುವ ಹಿಡಿತ ಯೂನಿಯನ್ ಕೈಯಿಂದ ಆಡಳಿತ ಮಂಡಳಿಯ ಕೈಗೆ ಜಾರಿದೆ. ಎರಡು, ಯೂನಿಯನ್ನಿನ ಬಲ ಅಳೆಯುವ ಮಾಪು ಕಂಪನಿಯ ಹಾಜರಿ ಪುಸ್ತಕವಾದ ಮಸ್ಟರ್ ರೋಲ್ ಆಗಿದೆ. ಶಾಪ್ ಫ್ಲೋರಿನಲ್ಲಿ ಬೆವರು ಸುರಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅನೇಕ ಕಡೆ ಆ ಪುಸ್ತಕದಲ್ಲೇ ಇಲ್ಲ.

ಅರವತ್ತು ದಿನದ ಲೆಕ್ಕ

1947ರ ಹಳೆಯ ಕಾಯ್ದೆಯಲ್ಲಿ ನೋಟಿಸ್ ಕಡ್ಡಾಯವಿದ್ದದ್ದು ‘ಸಾರ್ವಜನಿಕ ಉಪಯುಕ್ತ ಸೇವೆ’ಗಳಿಗೆ ಮಾತ್ರ: ರೈಲು, ಬಸ್ಸು, ವಿದ್ಯುತ್, ನೀರು ಮತ್ತು ಸರ್ಕಾರ ಆ ಪಟ್ಟಿಗೆ ಸೇರಿಸಿದ ಉದ್ದಿಮೆಗಳು. ನಮ್ಮ ಸಾರಿಗೆ ನಿಗಮಗಳ ನೌಕರರಿಗೆ ಈ ಕಟ್ಟು ಹೊಸದಲ್ಲ. 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗದ ಸಂಬಳ ಕೇಳಿ ಎರಡು ವಾರ ಬಸ್ಸು ನಿಲ್ಲಿಸಿದಾಗಲೂ ವಾದ ಬೇಗನೆ ಸಂಬಳದಿಂದ ಜಾರಿ ಮುಷ್ಕರ ಕಾನೂನುಬದ್ಧವೋ ಅಲ್ಲವೋ ಎಂಬಲ್ಲಿಗೆ ಬಂದಿತ್ತು. ಪೀಣ್ಯದ ಮೆಷಿನ್ ಶಾಪಿಗೋ ಬೊಮ್ಮಸಂದ್ರದ ಬಿಡಿಭಾಗ ಕಾರ್ಖಾನೆಗೋ ಆ ತಾಪತ್ರಯ ಸಾಮಾನ್ಯವಾಗಿ ಇರಲಿಲ್ಲ. ಈಗ ಸಂಹಿತೆಯ 62ನೇ ಸೆಕ್ಷನ್ ಬಸ್ ಡಿಪೋದ ನಿಯಮವನ್ನು ಎಲ್ಲ ಉದ್ದಿಮೆಗಳಿಗೂ ಹಬ್ಬಿಸಿದೆ.

ಸೆಕ್ಷನ್ ಹೇಳುವುದಿಷ್ಟು. ಮುಷ್ಕರಕ್ಕೆ ಹಿಂದಿನ 60 ದಿನದೊಳಗೆ ನೋಟಿಸ್ ಕೊಟ್ಟಿರಬೇಕು. ಕೊಟ್ಟ ಮೇಲೆ 14 ದಿನ ಕೆಲಸ ನಿಲ್ಲಿಸುವಂತಿಲ್ಲ. ನೋಟಿಸಿನಲ್ಲಿ ಬರೆದ ದಿನಾಂಕಕ್ಕೆ ಮುಂಚೆಯೂ ನಿಲ್ಲಿಸುವಂತಿಲ್ಲ. ಸರ್ಕಾರ ನೇಮಿಸಿದ ಸಂಧಾನಾಧಿಕಾರಿಯ ಮುಂದೆ ಮಾತುಕತೆ ನಡೆಯುತ್ತಿರುವಾಗ ಮತ್ತು ಅದು ಮುಗಿದ ಮೇಲೆ 7 ದಿನ ಆಗುವುದಿಲ್ಲ. ಕೈಗಾರಿಕಾ ನ್ಯಾಯಮಂಡಳಿಯಾದ ಟ್ರಿಬ್ಯೂನಲ್ ಮುಂದೆ ವಿವಾದ ಇರುವಾಗ ಮತ್ತು ಅದು ಮುಗಿದ ಮೇಲೆ 60 ದಿನ ಆಗುವುದಿಲ್ಲ. ಒಪ್ಪಂದವೊಂದು ಚಾಲ್ತಿಯಲ್ಲಿದ್ದರೆ ಅದರಲ್ಲಿರುವ ವಿಷಯಕ್ಕೆ ಮುಷ್ಕರವೇ ಇಲ್ಲ.

ಬಿಡಿಬಿಡಿಯಾಗಿ ಓದಿದರೆ ಒಂದೊಂದೂ ಸರಿಯೇ ಅನ್ನಿಸುತ್ತದೆ. ಒಂದರ ಮೇಲೊಂದು ಇಟ್ಟಾಗ ಗೊತ್ತಾಗುತ್ತದೆ ಕಥೆ. ಜೂನ್ 1ರಂದು ಯೂನಿಯನ್ ನೋಟಿಸ್ ಕೊಟ್ಟಿತು ಅಂದುಕೊಳ್ಳಿ. ಮಾಲೀಕರು 5 ದಿನದೊಳಗೆ ಅದನ್ನು ಸರ್ಕಾರಕ್ಕೂ ಸಂಧಾನಾಧಿಕಾರಿಗೂ ತಿಳಿಸಬೇಕು. ನೋಟಿಸ್ ಬಂದ ಮೇಲೆ ಸಂಧಾನ ನಡೆಸುವುದು ಅಧಿಕಾರಿಗೆ ಕಡ್ಡಾಯ. ಜೂನ್ 8ಕ್ಕೆ ಮೊದಲ ಸಭೆ ಕರೆದರೆ ಅವತ್ತೇ ಸಂಧಾನ ಶುರುವಾದಂತೆ. ಮುಷ್ಕರದ ನೋಟಿಸ್ ಇರುವ ಪ್ರಕರಣದಲ್ಲಿ ಅಧಿಕಾರಿ 14 ದಿನದಲ್ಲಿ ವರದಿ ಕೊಡಬೇಕು, ಅಂದರೆ ಜೂನ್ 22. ಅದರ ಮೇಲೆ 7 ದಿನ ಸೇರಿಸಿದರೆ ಜೂನ್ 29. ಹಾಗಾಗಿ ಜೂನ್ 30ರಿಂದ, ನೋಟಿಸಿನ 60 ದಿನ ತೀರುವ ಜುಲೈ ಕೊನೆಯ ತನಕ ಒಂದು ಕಿಟಕಿ ತೆರೆದಿರಬೇಕು.

ಕಿಟಕಿ ತೆರೆಯುವುದೇ ಅನುಮಾನ. ವರದಿ ಕೈಸೇರಿದ ಮೇಲೆ 90 ದಿನದೊಳಗೆ ‘ಸಂಬಂಧಪಟ್ಟ ಯಾವುದೇ ಪಕ್ಷ’ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಬಹುದು ಎನ್ನುತ್ತದೆ 53ನೇ ಸೆಕ್ಷನ್. ಆಡಳಿತ ಮಂಡಳಿಯೂ ಒಂದು ಪಕ್ಷವೇ. ಜೂನ್ 23ಕ್ಕೋ 24ಕ್ಕೋ ಅವರ ವಕೀಲರು ಅರ್ಜಿ ಹಾಕಿದರೆ ಅವತ್ತಿನಿಂದ ವಿವಾದ ಟ್ರಿಬ್ಯೂನಲ್ ಮುಂದಿದೆ ಎಂದಾಯಿತು. ತೀರ್ಪು ಬಂದು 60 ದಿನ ಕಳೆಯುವ ತನಕ ಮುಷ್ಕರ ಅಕ್ರಮ. ಲೇಬರ್ ಕೋರ್ಟಿನ ಮೆಟ್ಟಿಲು ಹತ್ತಿದ ಯಾರನ್ನು ಬೇಕಾದರೂ ಕೇಳಿ, ಅಲ್ಲಿ ಕೇಸಿನ ಆಯುಸ್ಸನ್ನು ತಿಂಗಳಲ್ಲಿ ಎಣಿಸುವುದಿಲ್ಲ.

ಹಳೆಯ ಕಾಯ್ದೆಯಲ್ಲಿ ಈ ದಾರಿ ಇರಲಿಲ್ಲ. ಒಬ್ಬ ಕಾರ್ಮಿಕನ ವಜಾ ಪ್ರಕರಣ ಬಿಟ್ಟರೆ ವಿವಾದವನ್ನು ಟ್ರಿಬ್ಯೂನಲ್ಲಿಗೆ ಕಳಿಸುವುದು ಸರ್ಕಾರದ ಕೈಯಲ್ಲಿತ್ತು. ಕಳಿಸಿದ ಮೇಲೂ, ಆಗಲೇ ನಡೆಯುತ್ತಿರುವ ಮುಷ್ಕರ ನಿಲ್ಲಿಸಬೇಕಾದರೆ ಪ್ರತ್ಯೇಕ ಆದೇಶ ಹೊರಡಿಸಬೇಕಿತ್ತು. ಆ ಆದೇಶಕ್ಕೆ ಕಾರ್ಮಿಕ ಮಂತ್ರಿ ರಾಜಕೀಯವಾಗಿ ಉತ್ತರ ಕೊಡಬೇಕಿತ್ತು. ಸಾಮಾನ್ಯ ಕಾರ್ಖಾನೆಗಳಲ್ಲಿ ಸಂಧಾನಾಧಿಕಾರಿಯ ಮುಂದಿನ ಮಾತುಕತೆಯೇ ಮುಷ್ಕರಕ್ಕೆ ಅಡ್ಡಿಯಾಗುತ್ತಿರಲಿಲ್ಲ. ಸಂಧಾನ ಮಂಡಳಿ ರಚಿಸಿದ್ದರೆ ಮಾತ್ರ ಅಡ್ಡಿ, ಅಂಥ ಮಂಡಳಿಗಳು ಅಪರೂಪ. ಈಗ ಮಂತ್ರಿಯ ಸಹಿ ಬೇಕಿಲ್ಲ, ವಕೀಲರ ವಕಾಲತ್ತು ಸಾಕು.

ಒಂದು ಸಣ್ಣ ಸಂದಿ ಉಳಿದಿದೆ. 63ನೇ ಸೆಕ್ಷನ್ ಪ್ರಕಾರ ಮುಷ್ಕರ ಕಾನೂನುಬದ್ಧವಾಗಿ ಶುರುವಾದ ಮೇಲೆ ಟ್ರಿಬ್ಯೂನಲ್ಲಿಗೆ ಅರ್ಜಿ ಬಂದರೆ, ಅಷ್ಟಕ್ಕೇ ಅದು ಅಕ್ರಮವಾಗುವುದಿಲ್ಲ. ಹಾಗಾಗಿ ಇದು ಯಾರು ಮೊದಲು ಎಂಬ ಓಟ. ಆದರೆ ಆ 7 ದಿನ ಯೂನಿಯನ್ ಕಾಲಿಗೆ ಹಗ್ಗ ಬಿಗಿದಿರುತ್ತದೆ, ಎದುರಾಳಿ ಓಡಬಹುದು. ಕಾಯ್ದೆ ಬರೆದವರಿಗೆ ಇದು ಹೊಳೆದಿರಲಿಲ್ಲ ಎಂದು ನಂಬುವುದು ಕಷ್ಟ.

ಟ್ರಿಬ್ಯೂನಲ್ಲಿನಲ್ಲಿ ಕೇಸಿದ್ದರೆ ಮಾಲೀಕರ ಕೈಯನ್ನೂ 90ನೇ ಸೆಕ್ಷನ್ ಕಟ್ಟುತ್ತದೆ, ಇದನ್ನು ಯೂನಿಯನ್ ಪದಾಧಿಕಾರಿಗಳು ಮರೆಯಬಾರದು. ವಿವಾದಕ್ಕೆ ಸಂಬಂಧಿಸಿದ ಕಾರ್ಮಿಕರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. ಆ ವಿವಾದಕ್ಕೆ ಸಂಬಂಧಿಸಿದ ದುರ್ನಡತೆ ಎಂದು ಯಾರನ್ನಾದರೂ ವಜಾ ಮಾಡಬೇಕಾದರೆ ಮೊದಲು ಲಿಖಿತ ಅನುಮತಿ ಬೇಕು. ಬೇರೆ ಕಾರಣಕ್ಕಾದರೆ ಒಂದು ತಿಂಗಳ ಸಂಬಳ ಕೊಟ್ಟು ಒಪ್ಪಿಗೆ ಪಡೆಯಬೇಕು. ‘ರಕ್ಷಿತ ಕಾರ್ಮಿಕ’ ಎಂದು ಗುರುತಿಸಿದ ಪದಾಧಿಕಾರಿಗಳಿಗೆ ಇನ್ನೂ ಗಟ್ಟಿ ರಕ್ಷಣೆ ಇದೆ. ಒಟ್ಟು ಕಾರ್ಮಿಕರ ನೂರಕ್ಕೆ ಒಬ್ಬರಂತೆ, ಕನಿಷ್ಠ 5, ಗರಿಷ್ಠ 100 ಮಂದಿಯನ್ನು ಹೀಗೆ ಗುರುತಿಸಬಹುದು. ಈ ಪಟ್ಟಿಯನ್ನು ಪ್ರತಿ ವರ್ಷ ತಪ್ಪದೆ ಬರವಣಿಗೆಯಲ್ಲಿ ಆಡಳಿತಕ್ಕೆ ಕೊಡದ ಯೂನಿಯನ್‌ಗಳಿಗೆ ಅಮಾನತಿನ ಆದೇಶ ಬಂದ ದಿನವೇ ಅದು ನೆನಪಾಗುವುದು.

ಇನ್ನು ಸಾಮೂಹಿಕ ರಜೆ. ‘ಮುಷ್ಕರ ಅಲ್ಲ ಸಾರ್, ಎಲ್ಲರಿಗೂ ಒಂದೇ ದಿನ ಹುಷಾರಿಲ್ಲ’ ಎಂಬ ಹಳೆಯ ಉಪಾಯಕ್ಕೆ ವ್ಯಾಖ್ಯಾನದಲ್ಲೇ ಬಾಗಿಲು ಹಾಕಲಾಗಿದೆ. ಒಂದೇ ದಿನ ಶೇ 50 ಅಥವಾ ಹೆಚ್ಚು ಕಾರ್ಮಿಕರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ.

ಅಕ್ರಮ ಮುಷ್ಕರಕ್ಕೆ ಇಳಿದ ಕಾರ್ಮಿಕನಿಗೆ ಹಿಂದೆ 50 ರೂಪಾಯಿ ತನಕ ದಂಡ ಅಥವಾ ಒಂದು ತಿಂಗಳ ಜೈಲು. ಈಗ ದಂಡ 1,000ದಿಂದ 10,000 ರೂಪಾಯಿ, ಜೈಲು ಒಂದು ತಿಂಗಳೇ. ಪ್ರಚೋದಿಸಿದವರಿಗೆ ಮತ್ತು ಹಣದ ನೆರವು ಕೊಟ್ಟವರಿಗೆ 10,000ದಿಂದ 50,000. ಮಾಲೀಕರೇ ಅಕ್ರಮವಾಗಿ ಬಾಗಿಲು ಹಾಕುವ ಲಾಕೌಟಿಗೆ 50,000ದಿಂದ ಒಂದು ಲಕ್ಷ. ಲಾಕೌಟಿಗೂ ಇದೇ ನೋಟಿಸ್ ನಿಯಮ ಇದೆ ಎನ್ನುವುದು ನಿಜ. ಆದರೆ ಆರ್ಡರ್ ಬೇರೆ ಯೂನಿಟ್‌ಗೆ ಸಾಗಿಸಬಲ್ಲ, ಓಟಿ ನಿಲ್ಲಿಸಬಲ್ಲ, ಗುತ್ತಿಗೆಯವರನ್ನು ಹೆಚ್ಚಿಸಬಲ್ಲ ಮಾಲೀಕರಿಗೆ ಲಾಕೌಟ್ ಬೇಕೇ ಬೇಕೆಂದಿಲ್ಲ. ಕೆಲಸ ನಿಲ್ಲಿಸುವುದನ್ನು ಬಿಟ್ಟರೆ ಕಾರ್ಮಿಕರ ಕೈಯಲ್ಲಿ ಬೇರೇನಿದೆ?

ದಂಡದ ಮೊತ್ತ ಹೆದರಿಸಲು ಇರುವ ಸಂಖ್ಯೆ. ಶಾಪ್ ಫ್ಲೋರಿನಲ್ಲಿ ನಿಜಕ್ಕೂ ಪೆಟ್ಟು ಕೊಡುವುದು ಚಾರ್ಜ್‌ಶೀಟ್. ಅಕ್ರಮ ಮುಷ್ಕರದಲ್ಲಿ ಭಾಗವಹಿಸುವುದು ಕಾರ್ಖಾನೆಯ ಲಿಖಿತ ಸೇವಾ ನಿಯಮಗಳಾದ ಸ್ಟ್ಯಾಂಡಿಂಗ್ ಆರ್ಡರ್ಸ್‌ನಲ್ಲಿ ದುರ್ನಡತೆ. ಇಲಾಖಾ ವಿಚಾರಣೆ, ಅಮಾನತು, ಕೊನೆಗೆ ವಜಾ ಅಲ್ಲಿಂದಲೇ ಶುರುವಾಗುತ್ತವೆ. ಜೊತೆಗೆ ವೇತನ ಸಂಹಿತೆಯಲ್ಲಿ ಹಳೆಯ ನಿಯಮವೊಂದು ಹಾಗೇ ಉಳಿದಿದೆ. ಹತ್ತು ಅಥವಾ ಹೆಚ್ಚು ಮಂದಿ ಒಟ್ಟಾಗಿ, ನೋಟಿಸಿಲ್ಲದೆ, ಸಕಾರಣವಿಲ್ಲದೆ ಗೈರಾದರೆ ಗೈರಾದ ದಿನದ ಜೊತೆಗೆ 8 ದಿನದ ತನಕ ಸಂಬಳ ಕಡಿಯಬಹುದು. ಹೊಸೂರು ರಸ್ತೆಯ ಹೆಣ್ಣುಮಕ್ಕಳ ಆ ಎರಡು ದಿನಕ್ಕೆ ಈ ಲೆಕ್ಕ ಹಾಕಿ ನೋಡಿ: ಹತ್ತು ದಿನದ ಕೂಲಿ.

ಯಾರನ್ನು ಎಣಿಸುತ್ತಾರೆ

ಸಂಹಿತೆಯಲ್ಲಿ ಯೂನಿಯನ್‌ಗಳು ಬಹುಕಾಲದಿಂದ ಕೇಳುತ್ತಿದ್ದದ್ದೂ ಒಂದಿದೆ. ಇಡೀ ದೇಶಕ್ಕೆ ಅನ್ವಯಿಸುವಂತೆ, ಮಾಲೀಕರು ಯಾವ ಯೂನಿಯನ್ ಜೊತೆ ಕೂತು ಮಾತಾಡಬೇಕು ಎಂಬುದಕ್ಕೆ ಮೊದಲ ಬಾರಿ ಕಾನೂನಿನ ಉತ್ತರ ಸಿಕ್ಕಿದೆ. 1926ರ ಕಾಯ್ದೆ ನೋಂದಣಿ ಕೊಡುತ್ತಿತ್ತು, ಮಾನ್ಯತೆ ಕೊಡುತ್ತಿರಲಿಲ್ಲ. ಮಹಾರಾಷ್ಟ್ರದಂಥ ರಾಜ್ಯ 1971ರಲ್ಲೇ ತನ್ನದೇ ಕಾಯ್ದೆ ಮಾಡಿ ಶೇ 30 ಸದಸ್ಯತ್ವಕ್ಕೆ ಮಾನ್ಯತೆ ಕೊಟ್ಟಿತ್ತು. ಅಂಥ ಕಾಯ್ದೆ ಇಲ್ಲದ ಕಡೆ ‘ನಿಮ್ಮ ಯೂನಿಯನ್ನನ್ನು ನಾವು ಒಪ್ಪುವುದಿಲ್ಲ’ ಎಂದು ಎಚ್‌ಆರ್ ವಿಭಾಗ ಬಾಗಿಲು ಮುಚ್ಚಿದರೆ, ಆ ಬಾಗಿಲು ತೆರೆಸಲೆಂದೇ ಮುಷ್ಕರ ಮಾಡಬೇಕಿತ್ತು.

ಈಗ 14ನೇ ಸೆಕ್ಷನ್ ಹೀಗಿದೆ. ಒಂದೇ ಯೂನಿಯನ್ ಇದ್ದರೆ, ನಿಯಮಗಳ ಷರತ್ತಿಗೆ ಒಳಪಟ್ಟು, ಅದೇ ಮಾಲೀಕರ ಜೊತೆ ಮಾತುಕತೆಗೆ ಕೂರುವ ‘ಸಂಧಾನದ ಯೂನಿಯನ್’. ಹಲವಿದ್ದರೆ ಮಸ್ಟರ್ ರೋಲಿನ ಶೇ 51 ಅಥವಾ ಹೆಚ್ಚು ಕಾರ್ಮಿಕರ ಬೆಂಬಲವಿರುವುದು ಏಕೈಕ ಸಂಧಾನಕಾರ. ಯಾರಿಗೂ 51 ಸಿಗದಿದ್ದರೆ ಶೇ 20ಕ್ಕೆ ಕಡಿಮೆಯಿಲ್ಲದ ಯೂನಿಯನ್‌ಗಳ ಪ್ರತಿನಿಧಿಗಳನ್ನು ಸೇರಿಸಿ ಸಂಧಾನ ಸಮಿತಿ. ಅವಧಿ ಮೂರು ವರ್ಷ, ಇಬ್ಬರೂ ಒಪ್ಪಿದರೆ ಐದರ ತನಕ.

ಸಾವಿರ ಮಂದಿಯ ಒಂದು ಕಾರ್ಖಾನೆಯಲ್ಲಿ ಮೊದಲ ಯೂನಿಯನ್ನಿಗೆ 460, ಎರಡನೆಯದಕ್ಕೆ 310, ಮೂರನೆಯದಕ್ಕೆ 140 ಸದಸ್ಯರು, ಉಳಿದ 90 ಮಂದಿ ಯಾರ ಕಡೆಗೂ ಇಲ್ಲ ಎಂದಿಟ್ಟುಕೊಳ್ಳಿ. ಪ್ರತಿ ಶೇ 20ಕ್ಕೆ ಒಬ್ಬ ಪ್ರತಿನಿಧಿ, ‘ಉಳಿಕೆಗೂ’ ಒಬ್ಬ ಎನ್ನುತ್ತದೆ ಸೆಕ್ಷನ್. ಅಕ್ಷರಶಃ ಓದಿದರೆ ಮೊದಲನೆಯದಕ್ಕೆ 3, ಎರಡನೆಯದಕ್ಕೆ 2. ಮೂರನೆಯದು ಸಭೆಯ ಕೋಣೆಗೇ ಬರುವುದಿಲ್ಲ. ಸಮಿತಿಯ ಬಹುಮತದಿಂದ ಒಪ್ಪಂದ ಆಗುತ್ತದೆ, ಹಾಗಾಗಿ ಶೇ 46 ಬೆಂಬಲದ ಯೂನಿಯನ್ ಐದರಲ್ಲಿ ಮೂರು ಕೈ ಎತ್ತಿ ಸಾವಿರ ಮಂದಿಯ ಸಂಬಳದ ಒಪ್ಪಂದಕ್ಕೆ ಸಹಿ ಹಾಕಬಲ್ಲದು. ಅಂದಹಾಗೆ ಆ ಸಮಿತಿಯನ್ನು ರಚಿಸುವವರು ಮಾಲೀಕರು. ಎದುರು ಪಕ್ಷದ ತಂಡವನ್ನು ತಾನೇ ಆರಿಸಿ ಕೂರಿಸುವ ಆಟ ಇನ್ನೆಲ್ಲಿದೆಯೋ ಗೊತ್ತಿಲ್ಲ.

ಇದಕ್ಕಿಂತ ದೊಡ್ಡ ತೊಡಕು ‘ಮಸ್ಟರ್ ರೋಲ್’ ಎಂಬ ಎರಡು ಪದದಲ್ಲಿದೆ. ಬೆಳಗಿನ ಪಾಳಿಗೆ ಕಾರ್ಖಾನೆ ಗೇಟಿನಲ್ಲಿ ನಿಂತರೆ ಸಮವಸ್ತ್ರದ ಬಣ್ಣದಲ್ಲೇ ಜನ ಬೇರೆಬೇರೆ ಕಾಣುತ್ತಾರೆ. ಕಾಯಂ ನೌಕರರದೊಂದು ಬಣ್ಣ, ಕಾಂಟ್ರಾಕ್ಟ್‌ನವರದೊಂದು, ಟ್ರೈನಿಗಳದ್ದು ಮತ್ತೊಂದು. ಲೈನಿನ ಮೇಲೆ ಮೂವರೂ ಒಂದೇ ಬೋಲ್ಟ್ ಬಿಗಿಯುತ್ತಾರೆ. 240 ಕಾಯಂ, 500 ಗುತ್ತಿಗೆ, 160 ಅಪ್ರೆಂಟಿಸ್ ಇರುವ ಒಂದು ಪ್ಲಾಂಟ್ ತೆಗೆದುಕೊಳ್ಳಿ. ಗುತ್ತಿಗೆಯವರ ಹೆಸರು ಕಾಂಟ್ರಾಕ್ಟರನ ಹಾಜರಿ ಪುಸ್ತಕದಲ್ಲಿರುತ್ತದೆ. ಅಪ್ರೆಂಟಿಸ್ ಕಾಯ್ದೆಯಡಿ ಬಂದವರನ್ನು ‘ಕಾರ್ಮಿಕ’ ಎಂಬ ವ್ಯಾಖ್ಯಾನದಿಂದಲೇ ಹೊರಗಿಟ್ಟಿದ್ದಾರೆ. ಕಂಪನಿಯ ಮಸ್ಟರ್ ರೋಲಿನಲ್ಲಿ ಉಳಿಯುವುದು 240. ಅದರ ಶೇ 51ಕ್ಕೆ 123 ಜನ ಸಾಕು. 900 ಮಂದಿ ದುಡಿಯುವ ಜಾಗದಲ್ಲಿ 123 ಸದಸ್ಯರ ಯೂನಿಯನ್ ಏಕೈಕ ಸಂಧಾನಕಾರ. ಗೆದ್ದಂತೆ ಕಾಣುತ್ತದೆ, ಮುಷ್ಕರದ ದಿನ ಬರುವ ತನಕ. ಅವತ್ತು 240 ಮಂದಿಯೂ ಹೊರಗೆ ನಿಂತರೂ 660 ಮಂದಿ ಒಳಗಿರುತ್ತಾರೆ, ಲೈನ್ ಓಡುತ್ತಿರುತ್ತದೆ. ಕಾಯಂ ನೌಕರರ ಯೂನಿಯನ್ ಗುತ್ತಿಗೆಯವರನ್ನು ‘ಅವರು ಬೇರೆ’ ಎಂದು ದೂರವಿಟ್ಟ ಬಹಳ ಕಡೆ ಹೀಗೇ ಆಗಿದೆ. ಸಂಹಿತೆ ಆ ದೂರಕ್ಕೆ ಕಾನೂನಿನ ಠಸ್ಸೆ ಒತ್ತಿದೆ.

ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಹಾಕಬಾರದು ಎಂದು ಸುರಕ್ಷತಾ ಸಂಹಿತೆಯ 57ನೇ ಸೆಕ್ಷನ್ ಹೇಳುತ್ತದಲ್ಲ ಎಂದು ಕೇಳಬಹುದು. ಹೇಳುತ್ತದೆ, ಮುಂದಿನ ಉಸಿರಿನಲ್ಲೇ ವಿನಾಯಿತಿಗಳನ್ನೂ ಹೇಳುತ್ತದೆ. ಆ ಉದ್ದಿಮೆಯಲ್ಲಿ ಆ ಕೆಲಸ ಸಾಮಾನ್ಯವಾಗಿ ಗುತ್ತಿಗೆಯಲ್ಲೇ ನಡೆಯುವುದಾದರೆ ಸರಿ, ಕೆಲಸ ಏಕಾಏಕಿ ಹೆಚ್ಚಿದರೂ ಸರಿ. ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯಿಸಲು ಹಿಂದೆ 20 ಮಂದಿ ಸಾಕಿತ್ತು, ಈಗ 50 ಬೇಕು. ಸಂಖ್ಯೆಯನ್ನು 50ರೊಳಗೆ ಇಟ್ಟುಕೊಳ್ಳುವುದು ಹೇಗೆಂದು ಯಾರಿಗೂ ಹೇಳಿಕೊಡಬೇಕಿಲ್ಲ.

ಇದಕ್ಕೆ ಸೇರಿಕೊಂಡಿರುವುದು ನಿಗದಿತ ಅವಧಿಯ ನೇಮಕಾತಿ. ಇದರಲ್ಲಿ ಒಳ್ಳೆಯ ಅಂಶ ಇದೆ: ಕಾಯಂ ನೌಕರರಷ್ಟೇ ಸಂಬಳ, ಅಷ್ಟೇ ಗಂಟೆ, ಅವೇ ಭತ್ಯೆಗಳು. ಗ್ರ್ಯಾಚುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ದುಡಿದರೆ ಸಾಕು. ಗುತ್ತಿಗೆದಾರನ ಕೈಕೆಳಗೆ ಇರುವುದಕ್ಕಿಂತ ಇದು ಎಷ್ಟೋ ಮೇಲು. ಹೆಸರೂ ಕಂಪನಿಯ ಮಸ್ಟರ್ ರೋಲಿಗೆ ಬರುತ್ತದೆ. ಆದರೆ ಅವಧಿ ಮುಗಿದಾಗ ಕಳಿಸುವುದು ಕಾನೂನಿನ ಲೆಕ್ಕದಲ್ಲಿ ಕೆಲಸಗಾರರ ಕಡಿತ, ಅಂದರೆ ರಿಟ್ರೆಂಚ್‌ಮೆಂಟ್ ಅಲ್ಲ. ನೋಟಿಸಿಲ್ಲ, ಪರಿಹಾರವಿಲ್ಲ, ಕಾರಣ ಹೇಳಬೇಕಿಲ್ಲ. ಹನ್ನೊಂದನೇ ತಿಂಗಳಲ್ಲಿ ಯೂನಿಯನ್ ರಸೀದಿ ತೆಗೆದುಕೊಳ್ಳುವ ಹುಡುಗನ ತಲೆಯಲ್ಲಿ ಹನ್ನೆರಡನೇ ತಿಂಗಳ ಲೆಕ್ಕ ಓಡುತ್ತಿರುತ್ತದೆ.

ಮುನ್ನೂರು

ಲೇಆಫ್ (ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು), ರಿಟ್ರೆಂಚ್‌ಮೆಂಟ್ ಅಥವಾ ಕಾರ್ಖಾನೆ ಮುಚ್ಚುವ ಮುನ್ನ ಸರ್ಕಾರದ ಅನುಮತಿ ಬೇಕೆಂಬ ನಿಯಮ ಹಿಂದೆ 100 ಕಾರ್ಮಿಕರಿರುವ ಕಾರ್ಖಾನೆ, ಗಣಿ, ತೋಟಗಳಿಗಿತ್ತು. ಈಗ 300. 1976ರಲ್ಲಿ ಈ ಅಧ್ಯಾಯ ಕಾಯ್ದೆಗೆ ಬಂದಾಗ ಮಿತಿ ಇದ್ದದ್ದೂ 300ರಲ್ಲೇ. 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತ್ತು. 60 ದಿನದಲ್ಲಿ ಸರ್ಕಾರ ಉತ್ತರಿಸದಿದ್ದರೆ ಅನುಮತಿ ಸಿಕ್ಕಂತೆ ಎಂಬುದೂ ಹಳೆಯದೇ, ಸಂಹಿತೆ ಅದನ್ನು ಹೊಸದಾಗಿ ತಂದದ್ದಲ್ಲ. ಹೊಸದು ಮೂರು ಪದಗಳಲ್ಲಿದೆ: ‘ಅಥವಾ ಹೆಚ್ಚಿನ ಸಂಖ್ಯೆ’. 300ರ ಮಿತಿಯನ್ನು ಸರ್ಕಾರ ಅಧಿಸೂಚನೆಯಲ್ಲೇ ಏರಿಸಬಹುದು. ವಿಧಾನಸಭೆಯಲ್ಲಿ ಚರ್ಚೆ ಬೇಕಿಲ್ಲ.

ಐಟಿ ಕಂಪನಿ, ಆಸ್ಪತ್ರೆ, ಮಾಲ್‌ಗಳಿಗೆ ಈ ಅಧ್ಯಾಯ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಸಾವಿರ ಇಂಜಿನಿಯರುಗಳನ್ನು ಒಂದೇ ಈಮೇಲಿನಲ್ಲಿ ಕಳಿಸಲು ಯಾವ ಅನುಮತಿಯೂ ಬೇಕಿಲ್ಲ. ಪೆಟ್ಟು ಬೀಳುವುದು 100ರಿಂದ 299 ಕಾರ್ಮಿಕರ ಕಾರ್ಖಾನೆಗಳಿಗೆ. ಅಲ್ಲಿ ಇನ್ನು ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಟ್ಟರೆ ಮುಗಿಯಿತು. 300 ಅಥವಾ ಹೆಚ್ಚು ಮಂದಿ ಇರುವ ಕಡೆ ಮೂರು ತಿಂಗಳ ನೋಟಿಸ್ ಮತ್ತು ಅನುಮತಿ. ಇವೆರಡರ ಮೇಲೆ ಮರುಕೌಶಲ್ಯ ನಿಧಿಯಿಂದ ಇನ್ನೂ 15 ದಿನದ ಸಂಬಳ 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಲೆಕ್ಕ ಚುಕ್ತಾ ಮಾಡುವಾಗ ಇದನ್ನು ಬಿಟ್ಟುಹೋಗುವ ಸಾಧ್ಯತೆ ಹೆಚ್ಚು, ಕೇಳಿ ಪಡೆಯಬೇಕು.

ಸ್ಟ್ಯಾಂಡಿಂಗ್ ಆರ್ಡರ್ಸ್‌ಗೂ 300ರ ಮಿತಿಯೇ ಬಂದಿದೆ. ನನ್ನ ಮಟ್ಟಿಗೆ ಇದು ರಿಟ್ರೆಂಚ್‌ಮೆಂಟ್ ಮಿತಿಗಿಂತ ಹೆಚ್ಚು ಕಾಡುವ ಬದಲಾವಣೆ. ಕಾರ್ಖಾನೆ ಮುಚ್ಚುವುದು ಒಮ್ಮೆ, ಶಿಸ್ತುಕ್ರಮ ದಿನನಿತ್ಯ. ಪಾಳಿ, ರಜೆ, ದುರ್ನಡತೆಯ ಪಟ್ಟಿ, ವಿಚಾರಣೆಯ ಕ್ರಮ ಎಲ್ಲವೂ ಪ್ರಮಾಣೀಕೃತವಾಗಿ ಬರವಣಿಗೆಯಲ್ಲಿದ್ದರೆ ಕಂಪನಿಯೇ ನಡೆಸುವ ಡೊಮೆಸ್ಟಿಕ್ ಎನ್‌ಕ್ವೈರಿಯಲ್ಲಿ ಕಾರ್ಮಿಕ ‘ಇದು ಎಲ್ಲಿ ಬರೆದಿದೆ?’ ಎಂದು ಕೇಳಬಹುದು. 280 ಮಂದಿಯ ಕಾರ್ಖಾನೆಯಲ್ಲಿ ಇನ್ನು ಆ ಪ್ರಶ್ನೆಗೆ ಉತ್ತರ ಎಚ್‌ಆರ್ ಮ್ಯಾನೇಜರರ ಲ್ಯಾಪ್‌ಟಾಪಿನಲ್ಲಿರುತ್ತದೆ.

ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಮಾತು ಇಲ್ಲಿ ಚಿಕ್ಕದು. ಸಾಮಾಜಿಕ ಭದ್ರತಾ ಸಂಹಿತೆ ಅವರನ್ನು ಗುರುತಿಸಿ, ಆ್ಯಪ್ ನಡೆಸುವ ಅಗ್ರಿಗೇಟರ್‌ಗಳ ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟು ವಂತಿಗೆ ಹೇಳಿದೆ. ಕರ್ನಾಟಕದ 2025ರ ಕಾಯ್ದೆ ಅವರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರ ಕಲ್ಯಾಣ ಶುಲ್ಕ ಹಾಕಿದೆ. ಆದರೆ ಸಂಧಾನದ ಯೂನಿಯನ್ ಎಂಬ ಮೇಜಿನ ಹತ್ತಿರ ಅವರಿಗೆ ಕುರ್ಚಿ ಇಲ್ಲ. ಅವರಿಗೆ ಮಸ್ಟರ್ ರೋಲೇ ಇಲ್ಲವಲ್ಲ.

ಕಡತದಲ್ಲಿ ಎಲ್ಲಿ ಎಡವುತ್ತಾರೆ

ಕಾನೂನು ಹೀಗೆ ಬಂದಿರುವಾಗ ಯೂನಿಯನ್ ಉಳಿಯುವುದೂ ಮುಳುಗುವುದೂ ಬೀರುವಿನ ಕಡತದಿಂದ. ಹಳೆಯ ಕಾಯ್ದೆಯಡಿ ನೋಂದಣಿಯಾದ ಯೂನಿಯನ್‌ಗಳು ಸಂಹಿತೆಯಡಿಯೂ ನೋಂದಣಿಯಾದಂತೆಯೇ. ಆದರೆ ಒಂದು ಷರತ್ತಿದೆ: ಬೈಲಾವನ್ನು 7ನೇ ಸೆಕ್ಷನ್ನಿಗೆ ಹೊಂದುವಂತೆ ತಿದ್ದಿದ್ದೇವೆ ಎಂಬ ಹೇಳಿಕೆಯನ್ನು ತಿದ್ದಿದ ಪ್ರತಿಯ ಜೊತೆ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಹಳೆಯ ಸರ್ಟಿಫಿಕೇಟನ್ನು ಗೋಡೆಗೆ ನೇತುಹಾಕಿ ನಿಶ್ಚಿಂತೆಯಿಂದಿರುವ ಯೂನಿಯನ್ ಆಫೀಸುಗಳಿಗೆ ಇದು ಮುಟ್ಟಬೇಕು. ನಮ್ಮಲ್ಲಿ ಇದಕ್ಕೆ ಹೋಗಬೇಕಾದ ಇಲಾಖೆಯ ಕೇಂದ್ರ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ.

ನೋಂದಣಿಗೆ ಏಳು ಮಂದಿ ಅರ್ಜಿ ಹಾಕಿದರೆ ಸಾಲದು. ಶೇ 10 ಅಥವಾ 100 ಕಾರ್ಮಿಕರು, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು, ಮುಂದೆಯೂ ಆ ಸಂಖ್ಯೆಗಿಂತ ಇಳಿಯಬಾರದು. ರದ್ದತಿಯ ವಿಷಯದಲ್ಲಿ ಒಂದು ಪದ ಸದ್ದಿಲ್ಲದೆ ಮಾಯವಾಗಿದೆ. 1926ರ ಕಾಯ್ದೆಯಲ್ಲಿ ನಿಯಮ ಮೀರಿದ ಕಾರಣಕ್ಕೆ ನೋಂದಣಿ ರದ್ದು ಮಾಡಬೇಕಾದರೆ ಯೂನಿಯನ್ ‘ಉದ್ದೇಶಪೂರ್ವಕವಾಗಿ’, ಅದೂ ರಿಜಿಸ್ಟ್ರಾರರ ಎಚ್ಚರಿಕೆಯ ನಂತರವೂ, ಮೀರಿರಬೇಕಿತ್ತು. ಈಗ ಸಂಹಿತೆಯನ್ನೋ ನಿಯಮವನ್ನೋ ತನ್ನದೇ ಬೈಲಾವನ್ನೋ ಯೂನಿಯನ್ ಉಲ್ಲಂಘಿಸಿದೆ ಎಂಬ ಮಾಹಿತಿ ಬಂದರೆ 60 ದಿನದ ನೋಟಿಸ್ ಕೊಟ್ಟು ಮುಂದುವರಿಯಬಹುದು. ಮಾಹಿತಿ ಕೊಡುವವರು ಯಾರು ಎಂದು ಊಹಿಸುವುದು ಕಷ್ಟವಲ್ಲ. ವಾರ್ಷಿಕ ರಿಟರ್ನ್ ತಡವಾಗುವುದು, ಬೈಲಾದಲ್ಲಿ ಎರಡು ವರ್ಷಕ್ಕೊಮ್ಮೆ ಚುನಾವಣೆ ಎಂದಿದ್ದು ನಾಲ್ಕು ವರ್ಷವಾದರೂ ಮಾಡದಿರುವುದು, ಇವೆಲ್ಲ ಇನ್ನು ಬರೀ ಸೋಮಾರಿತನ ಅಲ್ಲ, ಎದುರಾಳಿಗೆ ಕೊಟ್ಟ ಸಾಕ್ಷಿ.

ಪದಾಧಿಕಾರಿಗಳಲ್ಲಿ ಹೊರಗಿನವರು ಮೂರನೇ ಒಂದು ಭಾಗ ಅಥವಾ ಐದು, ಯಾವುದು ಕಡಿಮೆಯೋ ಅಷ್ಟೇ. ನಿವೃತ್ತರನ್ನು, ರಿಟ್ರೆಂಚ್ ಆದವರನ್ನು ಹೊರಗಿನವರೆಂದು ಲೆಕ್ಕ ಹಾಕುವುದಿಲ್ಲ. ವಜಾಗೊಂಡವರ ಹೆಸರು ಆ ವಿನಾಯಿತಿಯಲ್ಲಿಲ್ಲ. ಒಂಬತ್ತು ಪದಾಧಿಕಾರಿಗಳ ಯೂನಿಯನ್ನಿನಲ್ಲಿ ಮೂವರು ಹೊರಗಿನ ನಾಯಕರು ಆಗಲೇ ಇದ್ದು, ಕಾರ್ಯದರ್ಶಿಯನ್ನೂ ಕಂಪನಿ ವಜಾ ಮಾಡಿತು ಅಂದುಕೊಳ್ಳಿ. ನಾಲ್ಕನೆಯವರು ಲೆಕ್ಕ ಮೀರುತ್ತಾರೆ. ಅಷ್ಟರೊಳಗೆ ಹೊರಗಿನ ಜಾಗಗಳಲ್ಲಿ ಒಂದೆರಡನ್ನು ಖಾಲಿ ಇಟ್ಟುಕೊಂಡಿರುವುದು ಜಾಣತನ.

ಬೆಂಬಲದ ಲೆಕ್ಕಕ್ಕೆ ನಿಲ್ಲುವುದು ಸದಸ್ಯತ್ವದ ರಿಜಿಸ್ಟರ್. ಅದರಲ್ಲಿ ಟೋಕನ್ ನಂಬರ್, ವಿಭಾಗ, ಸೇರಿದ ದಿನಾಂಕ, ಚಂದಾ ರಸೀದಿ ಸಂಖ್ಯೆ ಇರಬೇಕು, ಹೆಸರುಗಳು ಮಸ್ಟರ್ ರೋಲಿನಲ್ಲಿರುವ ಕಾಗುಣಿತದಲ್ಲೇ ಇರಬೇಕು. ಮಂಜುನಾಥ ಎಂ., ಎಂ. ಮಂಜುನಾಥ್, ಮಂಜು ಮೂವರೂ ಒಬ್ಬನೇ ಎಂದು ಪರಿಶೀಲನಾಧಿಕಾರಿಯ ಎದುರು ವಾದಿಸುವ ಪಾಡು ಬೇಡ. ಮುಷ್ಕರದ ನೋಟಿಸಿಗೆ ಕೇಂದ್ರದ ಕರಡು ನಿಯಮ ಕೇಳುವುದು ಕಾರ್ಯದರ್ಶಿ ಮತ್ತು ಐವರು ಚುನಾಯಿತ ಪ್ರತಿನಿಧಿಗಳ ಸಹಿ. ಚುನಾವಣೆಯೇ ನಡೆಯದ ಯೂನಿಯನ್ನಿಗೆ ಐವರು ಚುನಾಯಿತರು ಎಲ್ಲಿಂದ ಬರಬೇಕು? ನೋಟಿಸ್ ಕೊಟ್ಟ ಪ್ರತಿಯ ಮೇಲೆ ಆಡಳಿತದ ಸೀಲು, ದಿನಾಂಕ ತೆಗೆದುಕೊಳ್ಳಿ. ಇನ್‌ವರ್ಡ್ ಕೌಂಟರಿನಲ್ಲಿ ತೆಗೆದುಕೊಳ್ಳದಿದ್ದರೆ ಅದೇ ಗಂಟೆ ರಿಜಿಸ್ಟರ್ಡ್ ಪೋಸ್ಟ್ ಮತ್ತು ಈಮೇಲ್. 14ನೇ ದಿನ, 60ನೇ ದಿನ ಎಲ್ಲವೂ ಆ ಸೀಲಿನಿಂದ ಎಣಿಕೆ.

ಒಬ್ಬೊಬ್ಬರ ದೂರಿಗೂ ಗಡಿಯಾರ ಓಡುತ್ತದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಕಡ್ಡಾಯ. ಅದರಲ್ಲಿ ಎರಡೂ ಕಡೆಯವರು ಸಮನಾಗಿ, ಹೆಚ್ಚೆಂದರೆ ಹತ್ತು ಮಂದಿ ಇರುತ್ತಾರೆ, ಮಹಿಳೆಯರು ಅವರ ಸಂಖ್ಯೆಗೆ ತಕ್ಕಷ್ಟು. ಒಂದು ವರ್ಷದೊಳಗೆ ದೂರು ಕೊಡಬೇಕು, 30 ದಿನದಲ್ಲಿ ಸಮಿತಿ ತೀರ್ಮಾನಿಸಬೇಕು, ಒಪ್ಪಿಗೆಯಾಗದಿದ್ದರೆ 60 ದಿನದಲ್ಲಿ ಯೂನಿಯನ್ ಮೂಲಕ ಸಂಧಾನಾಧಿಕಾರಿಯ ಹತ್ತಿರ ಹೋಗಬೇಕು. ವಜಾ ಪ್ರಕರಣಕ್ಕೆ ಹಿಂದೆ ಮೂರು ವರ್ಷದ ಕಾಲಾವಕಾಶ ಇತ್ತು. ಈಗ ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಅಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತೆಯೇ ಇಲ್ಲ. ‘ಮ್ಯಾನೇಜರ್ ನೋಡೋಣ ಅಂದಿದ್ದಾರೆ’ ಎಂದು ಕಾದು ಕೂರುವ ಕಾರ್ಮಿಕ ನೆನಪಿಡಬೇಕು, ಆ ಮಾತು ಹೇಳಿದವರಿಗೂ ಈ ಎರಡು ವರ್ಷದ ಲೆಕ್ಕ ಗೊತ್ತಿರುತ್ತದೆ.

ಇಬ್ಬರು ಸದಸ್ಯರ, ಅಂದರೆ ಒಬ್ಬ ನ್ಯಾಯಾಂಗದವರು ಒಬ್ಬ ಆಡಳಿತದವರು ಇರುವ ಹೊಸ ಟ್ರಿಬ್ಯೂನಲ್‌ಗಳು ರಚನೆಯಾಗುವ ತನಕ ಹಳೆಯ ಲೇಬರ್ ಕೋರ್ಟ್ ಮತ್ತು ಟ್ರಿಬ್ಯೂನಲ್‌ಗಳೇ ಕೇಸು ನಡೆಸಲಿ ಎಂದು 2025ರ ಡಿಸೆಂಬರ್‌ನಲ್ಲಿ ಕೇಂದ್ರ ಆದೇಶ ಹೊರಡಿಸಿತು. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ನೋಟಿಸಿನ ನಮೂನೆ, ಬೆಂಬಲ ಪರಿಶೀಲಿಸುವ ವಿಧಾನ, ಸಂಧಾನದ ಯೂನಿಯನ್ನಿಗೆ ಕಾರ್ಖಾನೆಯೊಳಗೆ ಕೊಡಬೇಕಾದ ಸೌಲಭ್ಯ, ಇವೆಲ್ಲ ರಾಜ್ಯದ ವ್ಯಾಪ್ತಿಯ ಕಾರ್ಖಾನೆಗಳ ಮಟ್ಟಿಗೆ ರಾಜ್ಯ ಸರ್ಕಾರದ ನಿಯಮಗಳಲ್ಲಿ ನಿಲ್ಲಬೇಕು. ಬೆಂಬಲವನ್ನು ಗುಪ್ತ ಮತದಾನದಲ್ಲಿ ತಿಳಿಯುತ್ತಾರೋ ಸಹಿ ಮಾಡಿದ ಪಟ್ಟಿಯಲ್ಲೋ ಎಂಬ ಒಂದೇ ಸಾಲು ಸಾಕು, ಗೇಟಿನ ಒಳಗೆ ಯಾವ ಯೂನಿಯನ್ ಗೆಲ್ಲುತ್ತದೆ ಎನ್ನುವುದು ಬದಲಾಗಲು. ಆಡಳಿತದ ಮುಂದೆ ತನ್ನ ಹೆಸರಿನ ಎದುರು ಸಹಿ ಹಾಕಲು ಅಂಜುವ ಕಾರ್ಮಿಕ ಪರದೆಯ ಹಿಂದೆ ಬೇರೆಯೇ ಗುರುತಿಗೆ ಒತ್ತುತ್ತಾನೆ.